ಅಳೆದು ಕೊಡುವ ನೀರು

ನಮ್ಮ ಕಡೆ ಕಾಯಿಲೆಯವರನ್ನು ನೋಡಲು ಯಾರೂ ಬರಿಗೈಯಲ್ಲಿ ಹೋಗುವುದಿಲ್ಲ. ಎರಡು ಎಳನೀರು, ಅರ್ಧ ಡಜನ್ ಬಾಳೆಹಣ್ಣು, ಕೊಂಚ ಅನುಕೂಲಸ್ಥರಾದರೆ ಒಂದು ಕಿಲೋ ಮೂಸಂಬಿ. ಆಸ್ಪತ್ರೆಗಳ ಗೇಟಿನ ಎದುರು ಇವನ್ನೇ ಮಾರಿ ಸಂಸಾರ ನಡೆಸುವವರಿದ್ದಾರೆ. ನಮ್ಮ ಶಾಲೆಯ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳ ಮನೆಗೆ ಮಾತ್ರ ಈ ಮೂರೂ ಬರುವಂತಿಲ್ಲ. ಯಾರಾದರೂ ತಂದುಕೊಟ್ಟರೆ ಅವಳ ತಾಯಿ ಚೀಲವನ್ನು ಹಾಗೆಯೇ ಪಕ್ಕದ ಮನೆಗೆ ದಾಟಿಸಿಬಿಡುತ್ತಾರೆ. ಕಾರಣ ಹೇಳಿದರೆ ಬಂದವರಿಗೆ ಮುಖ ಸಣ್ಣದಾಗುತ್ತದೆ. ಹೇಳಿ ಹೇಳಿ ಸಾಕಾಗಿ ಈಗ ಹೇಳುವುದನ್ನೂ ಬಿಟ್ಟಿದ್ದಾರಂತೆ.

ಹುಡುಗಿಗೆ ಹದಿನಾಲ್ಕು ವರ್ಷ. ನೋಡಿದರೆ ಐದನೇ ತರಗತಿಯ ಮಗು ಎನ್ನಬೇಕು. ಎರಡೂ ಮೂತ್ರಪಿಂಡಗಳು ಬಹುಪಾಲು ಕೆಲಸ ನಿಲ್ಲಿಸಿವೆ. ಒಂದೂವರೆ ವರ್ಷದಿಂದ ಮಂಗಳವಾರ, ಗುರುವಾರ, ಶನಿವಾರ ಜಿಲ್ಲಾ ಕೇಂದ್ರಕ್ಕೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರುತ್ತಾಳೆ. ಆ ಮನೆಯವರ ಒಪ್ಪಿಗೆ ಪಡೆದೇ ಈ ವಾರದ ಅಂಕಣ ಬರೆಯುತ್ತಿದ್ದೇನೆ. ಹೆಸರು, ಊರು ಬೇಡವೆಂದರು. ಮಿಕ್ಕದ್ದನ್ನು ಬರೆಯಿರಿ, ನಾಲ್ಕು ಜನಕ್ಕೆ ತಿಳಿಯಲಿ ಎಂದರು.

ಎಳನೀರು ಏಕೆ ಆಗದು? ಅದರಲ್ಲಿಯೂ ಬಾಳೆಹಣ್ಣಿನಲ್ಲಿಯೂ ಪೊಟ್ಯಾಸಿಯಂ ಧಾರಾಳವಾಗಿದೆ. ನಮಗೆ, ನಿಮಗೆ ಅದು ಒಳ್ಳೆಯದೇ. ನರಗಳಿಗೆ, ಸ್ನಾಯುಗಳಿಗೆ ಬೇಕಾದಷ್ಟು ಬಳಕೆಯಾಗಿ, ಹೆಚ್ಚಾದದ್ದನ್ನು ಮೂತ್ರಪಿಂಡ ಹೊರಕ್ಕೆ ಹಾಕುತ್ತದೆ. ಹೊರಹಾಕುವವರೇ ಇಲ್ಲದಾಗ ಅದು ರಕ್ತದಲ್ಲಿ ಸೇರುತ್ತಾ ಹೋಗಿ, ಒಂದು ಮಿತಿ ದಾಟಿದರೆ ಹೃದಯದ ಬಡಿತವನ್ನೇ ಏರುಪೇರು ಮಾಡುತ್ತದೆ. ಎಷ್ಟೋ ಸಲ ಮುನ್ಸೂಚನೆಯನ್ನೂ ಕೊಡುವುದಿಲ್ಲ.

ಮೂತ್ರಪಿಂಡದ ಚಿತ್ರ ಬಿಡಿಸಿ ಭಾಗಗಳನ್ನು ಗುರುತಿಸಿದರೆ ಪರೀಕ್ಷೆಯಲ್ಲಿ ಅಂಕ ಬರುತ್ತದೆ. ಅಲ್ಲಿಗೆ ನಮ್ಮ ಮಕ್ಕಳ ಪಾಲಿಗೆ ಅದರ ಕಥೆ ಮುಗಿಯಿತು. ಮುಷ್ಟಿಯಷ್ಟು ದೊಡ್ಡದಾದ ಈ ಅಂಗ ಒಂದೊಂದರಲ್ಲೂ ಸುಮಾರು 10 ಲಕ್ಷ ಸೋಸುವ ಘಟಕಗಳಿವೆ. ದೊಡ್ಡವರಲ್ಲಿ ಎರಡೂ ಸೇರಿ ದಿನಕ್ಕೆ ಸುಮಾರು 180 ಲೀಟರು ದ್ರವವನ್ನು ಸೋಸಿ, ಒಂದೂವರೆ ಎರಡು ಲೀಟರನ್ನು ಮಾತ್ರ ಹೊರಗೆ ಬಿಟ್ಟು ಮಿಕ್ಕದ್ದನ್ನು ವಾಪಸು ಪಡೆಯುತ್ತವೆ. ಸೋಸುವುದಷ್ಟೇ ಇವುಗಳ ಕೆಲಸವೆಂದು ತಿಳಿಯಬೇಡಿ. ಕೆಂಪು ರಕ್ತಕಣಗಳ ಉತ್ಪತ್ತಿಗೆ ಪ್ರಚೋದನೆ ಕೊಡುವ ಹಾರ್ಮೋನು ಇಲ್ಲಿಂದಲೇ ಬರಬೇಕು. ವಿಟಮಿನ್ 'ಡಿ' ಕೆಲಸಕ್ಕೆ ಬರುವ ರೂಪ ಪಡೆಯುವುದೂ ಇಲ್ಲಿಯೇ. ಆದ್ದರಿಂದ ಮೂತ್ರಪಿಂಡ ಸೋತ ಮಗು ಬಿಳಿಚಿಕೊಳ್ಳುತ್ತದೆ, ಮೂಳೆ ಬಾಗುತ್ತದೆ, ಎತ್ತರ ನಿಂತುಹೋಗುತ್ತದೆ. ದೊಡ್ಡವರಿಗೆ ಬರುವ ಇದೇ ಕಾಯಿಲೆಗೂ ಮಕ್ಕಳದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದು. ಮಗು ಕಾಯಿಲೆಯ ಜೊತೆಯಲ್ಲೇ ಬೆಳೆಯಬೇಕು.

ಡಯಾಲಿಸಿಸ್ ಎಂಬ ಪದವನ್ನು ಕೊಟ್ಟವನು ಥಾಮಸ್ ಗ್ರಹಾಂ ಎಂಬ ರಸಾಯನ ವಿಜ್ಞಾನಿ, 1861ರಲ್ಲಿ. ತೆಳುವಾದ ಪೊರೆಯ ಮೂಲಕ ಸಣ್ಣ ಅಣುಗಳು ದಾಟುತ್ತವೆ, ದೊಡ್ಡವು ಹಿಂದೆ ಉಳಿಯುತ್ತವೆ ಎಂಬ ತತ್ವ. ಇದನ್ನು ರೋಗಿಯ ಮಂಚದ ಪಕ್ಕಕ್ಕೆ ತಂದವರು ಹಾಲೆಂಡಿನ ವೈದ್ಯ ವಿಲೆಮ್ ಕೋಲ್ಫ್. 1943, ಯುದ್ಧಕಾಲ, ಸಾಮಾನು ಸಿಗದ ದಿನಗಳು. ಮಾಂಸದ ಸಾಸೇಜ್ ತುಂಬಲು ಬಳಸುತ್ತಿದ್ದ ಸೆಲೋಫೇನ್ ಕೊಳವೆಯನ್ನು ಮರದ ಉರುಳೆಗೆ ಸುತ್ತಿ ಯಂತ್ರ ಮಾಡಿದರು. ಈಗಿನ ಯಂತ್ರ ನೋಡಲು ಬೇರೆಯಾದರೂ ತತ್ವ ಅದೇ.

ವಿದ್ಯಾರ್ಥಿಗಳೇ, ಈಗ ಒಂದು ಸಣ್ಣ ಲೆಕ್ಕ ಮಾಡಿ. ಒಂದು ವಾರಕ್ಕೆ 168 ಗಂಟೆ. ನಮ್ಮ ಮೂತ್ರಪಿಂಡಗಳು ಅಷ್ಟೂ ಹೊತ್ತು ದುಡಿಯುತ್ತವೆ. ಡಯಾಲಿಸಿಸ್ ಯಂತ್ರ ಒಂದು ಸಲಕ್ಕೆ ನಾಲ್ಕು ಗಂಟೆಯಂತೆ ವಾರಕ್ಕೆ 12 ಗಂಟೆ ದುಡಿಯುತ್ತದೆ. ಉಳಿದ 156 ಗಂಟೆಗಳ ಹೊಣೆ ಯಾರದು? ಅಡುಗೆಮನೆಯದು. ನಮ್ಮ ಮನೆಗಳಲ್ಲಿ ಅಡುಗೆಮನೆ ಎಂದರೆ ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ.

ಆ ತಾಯಿ ಬೆಳಗ್ಗೆ ಎದ್ದ ಕೂಡಲೇ ಮಾಡುವ ಕೆಲಸ ಒಂದು ಬಾಟಲಿಗೆ ಗುರುತಿನವರೆಗೆ, ಅಂದರೆ ಮುಕ್ಕಾಲು ಲೀಟರು, ನೀರು ತುಂಬುವುದು. ಆ ದಿನಕ್ಕೆ ಮಗಳ ಪಾಲು ಅಷ್ಟೇ. ಹಿಂದಿನ ದಿನ ಹೋದ ಮೂತ್ರದ ಅಳತೆಗೆ ಬೆವರು, ಉಸಿರಿನಲ್ಲಿ ಹೋಗುವ ಅಂದಾಜನ್ನು ಕೂಡಿಸಿ ವೈದ್ಯರು ಕೊಟ್ಟ ಲೆಕ್ಕ ಅದು. ಸಾರು, ಮಜ್ಜಿಗೆ, ಕಾಫಿ, ಮಾತ್ರೆ ನುಂಗುವ ಗುಟುಕು, ಎಲ್ಲವೂ ಅದರೊಳಗೇ ಬರಬೇಕು. ಮಗಳು ಒಂದು ಸೌಟು ಸಾರು ಹಾಕಿಸಿಕೊಂಡರೆ ಬಾಟಲಿಯಿಂದ ಒಂದು ಸೌಟು ನೀರನ್ನು ತಾಯಿ ಚೆಲ್ಲುತ್ತಾರೆ. ಸಂಜೆಯ ಹೊತ್ತಿಗೆ ಬಾಟಲಿಯಲ್ಲಿ ಎಷ್ಟು ಉಳಿದಿದೆ ಎಂಬುದರ ಮೇಲೆ ಆ ಮನೆಯ ರಾತ್ರಿ ನಿಂತಿರುತ್ತದೆ.

ತರಕಾರಿಯದು ಇನ್ನೊಂದು ಪಾಡು. ತರಕಾರಿ ಬೇಯಿಸಿದ ನೀರನ್ನು ಚೆಲ್ಲಬೇಡಿ, ಸತ್ವವೆಲ್ಲ ಅದರಲ್ಲಿದೆ ಎಂದು ನಾವೇ ತರಗತಿಯಲ್ಲಿ ಪಾಠ ಮಾಡುತ್ತೇವೆ. ಈ ಮನೆಯಲ್ಲಿ ಆ ಸತ್ವವನ್ನೇ ಚೆಲ್ಲಬೇಕು. ಆಲೂಗಡ್ಡೆಯನ್ನು ಸಣ್ಣಗೆ ಹೆಚ್ಚಿ, ಧಾರಾಳ ನೀರಿನಲ್ಲಿ ಕುದಿಸಿ, ಬಸಿದು, ಮತ್ತೆ ಬೇರೆ ನೀರಿನಲ್ಲಿ ಬೇಯಿಸಿದರೆ ಪೊಟ್ಯಾಸಿಯಂ ಬಹಳಷ್ಟು ಹೊರಟುಹೋಗುತ್ತದೆ. ಪ್ರಯೋಗಾಲಯದಲ್ಲಿ ಮಾಡಿ ತೋರಿಸುವ ವಿಸರಣೆಯ ಪಾಠವನ್ನು ಎಸ್ಸೆಸ್ಸೆಲ್ಸಿ ದಾಟದ ಆ ಹೆಣ್ಣುಮಗಳು ದಿನಕ್ಕೆ ಎರಡು ಹೊತ್ತು ಮಾಡುತ್ತಾರೆ. ಉಪ್ಪು ಎಲ್ಲರಿಗಿಂತ ಕಡಿಮೆ, ಏಕೆಂದರೆ ಉಪ್ಪು ಹೆಚ್ಚಾದರೆ ಬಾಯಾರಿಕೆ ಹೆಚ್ಚು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಮನೆಯಲ್ಲಿ ಇಡುವುದನ್ನೇ ನಿಲ್ಲಿಸಿದ್ದಾರೆ. ಹಾಲಿನಲ್ಲಿ ರಂಜಕದ ಅಂಶವಿರುವುದರಿಂದ ಅದಕ್ಕೂ ಮಿತಿ, ಅದನ್ನು ಹಿಡಿದಿಡುವ ಮಾತ್ರೆಯೊಂದನ್ನು ಊಟದ ಜೊತೆಯಲ್ಲೇ ನುಂಗಬೇಕು. ಒಬ್ಬಳಿಗೆ ಒಂದು ಅಡುಗೆ, ನಾಲ್ವರಿಗೆ ಇನ್ನೊಂದು.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಇದನ್ನು ಓದಿ ಯಾರೂ ತಮ್ಮ ಮಗುವಿಗೆ ನೀರು, ಉಪ್ಪು ಕಡಿಮೆ ಮಾಡಬಾರದು. ಹುಟ್ಟಿನಿಂದ ಮೂತ್ರಪಿಂಡ ದುರ್ಬಲವಾಗಿರುವ ಕೆಲವು ಮಕ್ಕಳಲ್ಲಿ ಮೊದಲ ವರ್ಷಗಳ ಸ್ಥಿತಿ ತಿರುವುಮುರುವಾಗಿರುತ್ತದೆ. ಮೂತ್ರವನ್ನು ಗಟ್ಟಿಮಾಡುವ ಶಕ್ತಿ ಹೋಗಿರುವುದರಿಂದ ನೀರೂ ಉಪ್ಪೂ ಸೋರಿಹೋಗುತ್ತವೆ. ಅಂಥ ಮಗು ಹೆಚ್ಚು ಕುಡಿಯಬೇಕು, ಗಂಟೆಗೊಮ್ಮೆ ಶೌಚಕ್ಕೆ ಹೋಗಬೇಕು. ಯಾವ ಮಗುವಿಗೆ ಯಾವ ಅಳತೆ ಎಂಬುದನ್ನು ವೈದ್ಯರೇ ಹೇಳಬೇಕು, ನೆರೆಮನೆಯವರಲ್ಲ.

ಒಂದು ಲೀಟರು ನೀರಿನ ತೂಕ ಒಂದು ಕಿಲೋ. ಏಳನೇ ತರಗತಿಯ ಹುಡುಗನಿಗೂ ಗೊತ್ತಿರುವ ವಿಷಯ. ಈ ಮನೆಯಲ್ಲಿ ಒಂದು ತೂಕದ ಯಂತ್ರವಿದೆ. ಶನಿವಾರ ಡಯಾಲಿಸಿಸ್ ಮುಗಿದಾಗ ಇದ್ದ ತೂಕಕ್ಕೂ ಮಂಗಳವಾರ ಬೆಳಗಿನ ತೂಕಕ್ಕೂ ಇರುವ ವ್ಯತ್ಯಾಸವೆಂದರೆ ಬಹುಮಟ್ಟಿಗೆ ಮೈಯಲ್ಲಿ ನಿಂತ ನೀರು. ನಡುವೆ ಎರಡು ದಿನ ಬಿಡುವು ಬರುವುದರಿಂದ ಭಾನುವಾರ, ಸೋಮವಾರ ಕಷ್ಟದ ದಿನಗಳು. ಊರಿಗೆಲ್ಲ ರಜೆ, ನೆಂಟರು ಬರುವ ದಿನ, ಇವರಿಗೆ ಮಾತ್ರ ಕಾವಲಿನ ದಿನ.

ಹೋದ ವರ್ಷ ರಾಮನವಮಿ ದಿನ ತಾಯಿ ಒಂದು ಗಂಟೆಯ ಮಟ್ಟಿಗೆ ನಾದಿನಿಯ ಮನೆಗೆ ಹೋಗಿದ್ದರು. ಬೀದಿಯ ತುದಿಯ ಚಪ್ಪರದಲ್ಲಿ ಪಾನಕ ಹಂಚುತ್ತಿದ್ದರು. ಬಿಸಿಲು ಗೊತ್ತಲ್ಲ. ಹುಡುಗಿ ಹೋಗಿ ಮೂರು ಲೋಟ ಕುಡಿದು, ಮೇಲೆ ಒಂದು ಲೋಟ ಮಜ್ಜಿಗೆಯನ್ನೂ ಕುಡಿದು ಬಂದಳು. ರಾತ್ರಿ ಹನ್ನೊಂದಕ್ಕೆ ಮಲಗಲಾಗದೆ ಎದ್ದು ಕುಳಿತಳು. ಶ್ವಾಸಕೋಶದಲ್ಲಿ ನೀರು ಸೇರಿತ್ತು. ಬಾಡಿಗೆ ಕಾರಿನಲ್ಲಿ ಜಿಲ್ಲಾ ಕೇಂದ್ರ ಮುಟ್ಟಿ, ತುರ್ತು ಡಯಾಲಿಸಿಸ್ ಆಗಿ, ಬೆಳಗಿನ ಜಾವಕ್ಕೆ ಉಸಿರಾಟ ಸರಿಹೋಯಿತು. ಮನೆಯವರೆಲ್ಲ ಸೇರಿ ಬೈದದ್ದು ಯಾರನ್ನು? ಒಂದು ಗಂಟೆ ಮನೆಯಲ್ಲಿಲ್ಲದವರನ್ನು. ಆ ಹೊತ್ತಿನಲ್ಲಿ ಮನೆಯಲ್ಲಿ ಇನ್ನೂ ಮೂವರು ಇದ್ದರು ಎಂಬುದು ಯಾರಿಗೂ ಹೊಳೆದಿರಲಿಲ್ಲ.

"ನೀರು ಕೇಳಿದ್ರೆ ಇಲ್ಲ ಅನ್ನೋ ತಾಯಿ ಎಲ್ಲಾದ್ರೂ ಉಂಟಾ ಸಾರ್?" ಎಂದು ಆಕೆ ನನ್ನನ್ನು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಮಗಳು ಈಗ ತಾಯಿಯ ಜೊತೆ ಸರಿಯಾಗಿ ಮಾತಾಡುವುದಿಲ್ಲ. ಅಪ್ಪ ಬಂದರೆ ನಗುತ್ತಾಳೆ. ಅಪ್ಪ ಯಾವುದಕ್ಕೂ ಬೇಡ ಎನ್ನುವವರಲ್ಲವಲ್ಲ!

ಅಪ್ಪ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ, ಹೋದ ದಿನಕ್ಕೆ ಮಾತ್ರ ಕೂಲಿ. 2016ರಲ್ಲಿ ಪ್ರಧಾನಮಂತ್ರಿಗಳ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಬಂದ ಮೇಲೆ ಬಡತನದ ರೇಖೆಯ ಕೆಳಗಿನವರಿಗೆ ಸರ್ಕಾರಿ ಘಟಕಗಳಲ್ಲಿ ಯಂತ್ರದ ಖರ್ಚಿಲ್ಲ. 2018ರಿಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯೂ ಇದೆ. ಇವೆರಡೂ ಇಲ್ಲದಿದ್ದರೆ ಈ ಕುಟುಂಬ ಎಂದೋ ಮನೆ ಮಾರಬೇಕಾಗಿತ್ತು. ಆದರೆ ಬಸ್ಸು, ಆಟೋ, ಹೊರಗಿನ ಊಟ, ಹೊರಗೆ ಮಾಡಿಸುವ ರಕ್ತಪರೀಕ್ಷೆ, ಕಳೆದುಕೊಂಡ ಕೂಲಿ, ಇವು ಯಾವ ಯೋಜನೆಯ ಪಟ್ಟಿಯಲ್ಲೂ ಕಾಣುವುದಿಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲೂ ಈಗ ಯಂತ್ರಗಳಿವೆ. ಆದರೆ ಚಿಕ್ಕ ಮೈಗೆ ಚಿಕ್ಕ ಕೊಳವೆ, ಚಿಕ್ಕ ಸೋಸುಕ, ಮಕ್ಕಳನ್ನು ನೋಡಿ ಪಳಗಿದ ಕೈ ಬೇಕು. ಮಕ್ಕಳ ಮೂತ್ರಪಿಂಡ ತಜ್ಞರು ನಮ್ಮ ರಾಜ್ಯದಲ್ಲಿ ಹೆಚ್ಚಾಗಿ ಬೆಂಗಳೂರಿನಂಥ ದೊಡ್ಡ ಊರುಗಳಲ್ಲೇ ಇದ್ದಾರೆ. ಹಾಗಾಗಿ ತಿಂಗಳಿಗೊಮ್ಮೆ ಅಲ್ಲಿಗೂ ಹೋಗಬೇಕು.

ಇಷ್ಟೆಲ್ಲದರ ನಡುವೆ ಅತ್ತೆಯವರ ಬಾಯಲ್ಲಿ ಒಂದು ಮಾತು ಆಗಾಗ ಬರುತ್ತಿತ್ತು. "ನಮ್ಮ ವಂಶದಲ್ಲಿ ಯಾರಿಗೂ ಇಲ್ಲದ್ದು ಇವಳ ಹೊಟ್ಟೇಲಿ ಹುಟ್ಟಿದ ಮಗೂಗೆ ಹೇಗೆ ಬಂತು?" ವಿಜ್ಞಾನದ ಮೇಷ್ಟ್ರಾಗಿ ಇದಕ್ಕೆ ಉತ್ತರ ಕೊಡುವುದು ನನ್ನ ಕೆಲಸ. ದೊಡ್ಡವರಲ್ಲಿ ಮೂತ್ರಪಿಂಡ ಕೆಡಲು ಸಕ್ಕರೆ ಕಾಯಿಲೆ, ರಕ್ತದೊತ್ತಡ ಮುಖ್ಯ ಕಾರಣ. ಮಕ್ಕಳಲ್ಲಿ ಹೆಚ್ಚಿನ ಪಾಲು ಹುಟ್ಟುವಾಗಲೇ ಇರುವ ರಚನೆಯ ದೋಷಗಳು. ಗಂಡುಮಕ್ಕಳಲ್ಲಿ ಮೂತ್ರನಾಳದಲ್ಲಿ ಅಡ್ಡಲಾಗಿ ಪೊರೆ ಇರುವುದುಂಟು. ಈ ಹುಡುಗಿಗೆ ಇದ್ದದ್ದು ಮೂತ್ರಕೋಶದಿಂದ ಮೂತ್ರ ಹಿಂದಕ್ಕೆ, ಮೂತ್ರಪಿಂಡದ ಕಡೆಗೆ ಏರುವ ದೋಷ. ಸೋಂಕಾದಾಗಲೆಲ್ಲ ಜ್ವರ, ಪ್ರತಿ ಜ್ವರಕ್ಕೂ ಒಂದಿಷ್ಟು ಕಲೆ ಉಳಿಯಿತು. ಗರ್ಭಿಣಿ ಪರಂಗಿ ಹಣ್ಣು ತಿಂದಳೆಂದೋ ಗ್ರಹಣ ನೋಡಿದಳೆಂದೋ ಇದು ಬರುವುದಿಲ್ಲ. ವಂಶವಾಹಿಯಿಂದ ಬರುವ ಕೆಲವು ವಿಧಗಳೂ ಇವೆ, ರಕ್ತಸಂಬಂಧದ ಮದುವೆಗಳಲ್ಲಿ ಅವುಗಳ ಸಂಭವ ಹೆಚ್ಚು. ಅವುಗಳಲ್ಲಿ ಬಹಳಷ್ಟಕ್ಕೆ ತಾಯಿಯಿಂದ ಒಂದು, ತಂದೆಯಿಂದ ಒಂದು ದೋಷದ ಪ್ರತಿ ಬರಲೇಬೇಕು. ಲೆಕ್ಕ ಸಮಸಮ.

ತಂದೆತಾಯಿಗಳು ಗಮನಿಸಬೇಕಾದ್ದು ಇಲ್ಲಿ ಒಂದೆರಡಿದೆ. ಹಸುಗೂಸಿಗೆ ಕಾರಣ ತಿಳಿಯದ ಜ್ವರ ಬಂದರೆ ಮೂತ್ರ ಪರೀಕ್ಷೆ ಮಾಡಿಸಿ. ಬೆಳವಣಿಗೆ ಕುಂಠಿತವಾಗಿ, ಬಿಳಿಚಿಕೊಂಡು, ರಾತ್ರಿ ಪದೇ ಪದೇ ಎದ್ದು ನೀರು ಕುಡಿಯುವ ಮಗುವನ್ನು ಚೇಷ್ಟೆಯದು ಎಂದು ಬಿಡಬೇಡಿ. ಮತ್ತೊಂದು, ರಕ್ತಪರೀಕ್ಷೆಯ ವರದಿ ಓದುವ ರೀತಿ. ಕ್ರಿಯಾಟಿನಿನ್ ಎಂಬುದು ಸ್ನಾಯುಗಳಿಂದ ಬರುವ ತ್ಯಾಜ್ಯ. ಮಗುವಿಗೆ ಸ್ನಾಯು ಕಡಿಮೆ, ಆದ್ದರಿಂದ ಅದರ ರಕ್ತದಲ್ಲಿ ಇದೂ ಕಡಿಮೆ ಇರಬೇಕು. ಮಕ್ಕಳಿಗೆ ಒಂದು ಸರಳ ಸೂತ್ರವಿದೆ. ಸೆಂಟಿಮೀಟರಿನಲ್ಲಿ ಎತ್ತರವನ್ನು 0.413ರಿಂದ ಗುಣಿಸಿ ಕ್ರಿಯಾಟಿನಿನ್ ಅಂಕೆಯಿಂದ ಭಾಗಿಸುವುದು. 120 ಸೆಂಟಿಮೀಟರ್ ಎತ್ತರದ ಮಗುವಿಗೆ ಕ್ರಿಯಾಟಿನಿನ್ 1.2 ಇದೆ ಎನ್ನಿ. ದೊಡ್ಡವರ ಮಿತಿ ಅಚ್ಚಾದ ವರದಿಯಲ್ಲಿ ಅದು ಸಹಜವೆಂದೇ ಕಾಣಬಹುದು. ಸೂತ್ರಕ್ಕೆ ಹಾಕಿದರೆ ಬರುವುದು ಸುಮಾರು 41. ಆರೋಗ್ಯವಂತ ಮಗುವಿಗೆ 90ಕ್ಕಿಂತ ಮೇಲಿರಬೇಕು. ಅರ್ಧಕ್ಕಿಂತ ಹೆಚ್ಚು ಶಕ್ತಿ ಹೋಗಿದ್ದರೂ ಕಾಗದದ ಮೇಲೆ ಎಲ್ಲವೂ ಸರಿ! ವರದಿ ಬಂದಾಗ ಇದು ಮಕ್ಕಳ ಮಿತಿಯೇ ಎಂದು ವೈದ್ಯರನ್ನು ಕೇಳುವುದರಲ್ಲಿ ಸಂಕೋಚ ಬೇಡ.

ಇನ್ನು ನೆಫ್ರೋಟಿಕ್ ಸಿಂಡ್ರೋಮ್ ಎಂಬ ಕಾಯಿಲೆಯ ಮಕ್ಕಳು. ಬೆಳಗ್ಗೆ ಎದ್ದಾಗ ಕಣ್ಣಿನ ಸುತ್ತ ಊತ, ಮೂತ್ರದಲ್ಲಿ ನೊರೆ. ಇವರಲ್ಲಿ ಹೆಚ್ಚಿನವರು ಸ್ಟೀರಾಯ್ಡ್ ಮಾತ್ರೆಗೆ ಗುಣ ಕಾಣುತ್ತಾರೆ, ಮರುಕಳಿಸಿದರೂ ದೊಡ್ಡವರಾಗುವ ಹೊತ್ತಿಗೆ ಬಹುಮಂದಿಗೆ ಬಿಟ್ಟುಹೋಗುತ್ತದೆ. ಮಾತ್ರೆಯಿಂದ ಮುಖ ದುಂಡಗಾಗುತ್ತದೆ, ಹಸಿವು, ಸಿಟ್ಟು ಹೆಚ್ಚುತ್ತವೆ. ತರಗತಿಯಲ್ಲಿ ಅಂಥವರಿಗೆ ಅಡ್ಡಹೆಸರು ಇಡುವ ಜಾಣರು ಇದನ್ನು ಓದಿಕೊಳ್ಳಲಿ. ನಿಮ್ಮ ಅಡ್ಡಹೆಸರಿಗೆ ನೊಂದು ಮಾತ್ರೆಯನ್ನು ಥಟ್ಟನೆ ಬಿಟ್ಟರೆ ಆ ಮಗುವಿಗೆ ಅಪಾಯ.

ಶಾಲೆಯ ಮಾತಿಗೆ ಬರೋಣ. ವಾರದ ಆರು ದಿನಗಳಲ್ಲಿ ಮೂರು ದಿನ ಡಯಾಲಿಸಿಸ್‌ಗೆ ಹೋಯಿತು. ಘಟಕದವರನ್ನು ಕೇಳಿಕೊಂಡ ಮೇಲೆ ಮಧ್ಯಾಹ್ನದ ಪಾಳಿ ಸಿಕ್ಕಿ, ಈಗ ಮಂಗಳವಾರ, ಗುರುವಾರ ಮೊದಲೆರಡು ತಾಸು ಕುಳಿತು ಹೋಗುತ್ತಾಳೆ. ತಪ್ಪಿದ ಪಾಠವನ್ನು ಇಬ್ಬರು ಗೆಳತಿಯರು ಸರದಿಯಲ್ಲಿ ಬರೆದುಕೊಡುತ್ತಾರೆ. ಇದಕ್ಕೆ ಯಾರ ಆದೇಶವೂ ಬೇಕಾಗಲಿಲ್ಲ. ಅವಳ ಎಡಗೈಯಲ್ಲಿ ರಕ್ತನಾಳಗಳನ್ನು ಜೋಡಿಸಿದ ಜಾಗವಿದೆ, ಮುಟ್ಟಿದರೆ ಗುಂಯ್ ಎನ್ನುತ್ತದೆ. ಆ ಕೈಯನ್ನು ಎಳೆಯಬಾರದು, ಅದರಲ್ಲಿ ಭಾರ ಹೊರಿಸಬಾರದು, ಬ್ಯಾಗನ್ನೂ ಕೂಡ. ತರಗತಿಗೆಲ್ಲ ಒಂದು ಸಲ ತೋರಿಸಿ ಹೇಳಿದೆವು. ಆಮೇಲೆ ಅವಳ ಬ್ಯಾಗು ಹೊರಲು ಜಗಳವೇ ಆಯಿತು. ಶೌಚಕ್ಕೆ ಪದೇ ಪದೇ ಅನುಮತಿ ಕೇಳುವ ಮಗುವನ್ನು ಬೆಂಚಿನ ಮೇಲೆ ನಿಲ್ಲಿಸುವ ಶಿಕ್ಷಕರು ನಮ್ಮ ವೃತ್ತಿಯಲ್ಲಿ ಇನ್ನೂ ಇದ್ದಾರೆ. ವೈದ್ಯರಿಂದ ಒಂದು ಚೀಟಿ ಬರೆಸಿ ಮುಖ್ಯೋಪಾಧ್ಯಾಯರಿಗೆ ಕೊಡುವುದು ಒಳ್ಳೆಯದು. ಚೀಟಿ ಇಲ್ಲದಿದ್ದರೂ ಕಳಿಸುವುದು ಇನ್ನೂ ಒಳ್ಳೆಯದು.

ಈ ಹುಡುಗಿಗೊಬ್ಬಳು ಅಕ್ಕ ಇದ್ದಾಳೆ, ದ್ವಿತೀಯ ಪಿಯುಸಿ, ವಿಜ್ಞಾನ. ತಾಯಿ ಆಸ್ಪತ್ರೆಗೆ ಹೋದ ದಿನ ಮನೆಯ ಅಡುಗೆ ಇವಳದು. ಹಾಜರಾತಿ ಶೇಕಡಾ 75ಕ್ಕಿಂತ ಕೆಳಗೆ ಇಳಿದು, ಪರೀಕ್ಷೆಗೆ ಕೂರಿಸುವುದು ಕಷ್ಟವೆಂದು ಕಾಲೇಜಿನಿಂದ ಪತ್ರ ಬಂದಾಗ ಮನೆಯಲ್ಲಿ ಯಾರೂ ಅದನ್ನು ಒಡೆದು ಓದಿರಲಿಲ್ಲ. ಕಾಯಿಲೆ ಇರುವ ಮಗುವಿನ ಬಗ್ಗೆ ಎಲ್ಲರೂ ವಿಚಾರಿಸುತ್ತಾರೆ. ಆರೋಗ್ಯವಾಗಿರುವ ಮಗುವನ್ನು "ನೀನು ಜಾಣೆ, ಅಮ್ಮನಿಗೆ ಸಹಾಯ ಮಾಡು" ಎಂದು ಹೇಳಿ ಹೋಗುತ್ತಾರೆ. ನನ್ನ ಮಟ್ಟಿಗೆ ಈ ಕಾಯಿಲೆಯ ಮನೆಗಳಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ, ಇನ್ನೊಂದು ಮಗು ಹೇಗಿದೆ ಎಂಬುದು.

ಒಂದು ಸಂಜೆ ಆಕೆ ನನ್ನ ಬಳಿ ಬಂದು, "ಸಾರ್, ನಾನೇ ಒಂದು ಕಿಡ್ನಿ ಕೊಟ್ಟರೆ ಮ್ಯಾಚ್ ಆಗುವ ಸಂಭವ ಎಷ್ಟು?" ಎಂದು ಕೇಳಿದಳು. ಮೆಂಡಲನ ಲೆಕ್ಕ ಹಾಕಿ ತೋರಿಸಿದೆ. ಒಡಹುಟ್ಟಿದವರ ನಡುವೆ ಅಂಗಾಂಶ ಪೂರ್ತಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು, ಅರ್ಧ ಹೊಂದುವುದು ನಾಲ್ಕರಲ್ಲಿ ಎರಡು, ಏನೂ ಹೊಂದದಿರುವುದು ನಾಲ್ಕರಲ್ಲಿ ಒಂದು. ತಂದೆ ಅಥವಾ ತಾಯಿಯಾದರೆ ಅರ್ಧವಂತೂ ಖಂಡಿತ. ಆದರೆ ಇವಳಿಗೆ ಇನ್ನೂ ಹದಿನೇಳು. 1994ರ ಮಾನವ ಅಂಗಗಳ ಕಸಿ ಕಾಯ್ದೆಯ ಪ್ರಕಾರ ಜೀವಂತ ದಾನಿಗೆ 18 ತುಂಬಿರಬೇಕು. ಅದು ಒಳ್ಳೆಯದೇ ಎಂದು ನನ್ನ ಅಭಿಪ್ರಾಯ. ಮನೆಯ ಸಂಕಟ ನೋಡಲಾರದ ಹುಡುಗಿಯ ಒಪ್ಪಿಗೆಯನ್ನು ಒಪ್ಪಿಗೆ ಎನ್ನಲು ಬರುವುದಿಲ್ಲ.

ತಾಯಿ ಕೊಡಲು ಮೊದಲ ದಿನದಿಂದಲೂ ಸಿದ್ಧ. ನಮ್ಮ ದೇಶದ ಜೀವಂತ ದಾನಿಗಳಲ್ಲಿ ಹೆಂಗಸರೇ ಹೆಚ್ಚು ಎಂಬುದು ಗೊತ್ತಿರುವ ಸಂಗತಿ. ಪರೀಕ್ಷೆಗೆಂದು ಹೋದಾಗ ಆಕೆಗೆ ರಕ್ತದೊತ್ತಡವೂ ಸಕ್ಕರೆ ಕಾಯಿಲೆಯೂ ಇವೆ ಎಂದು ತಿಳಿಯಿತು. ಒಂದೂವರೆ ವರ್ಷದಿಂದ ವಾರಕ್ಕೆ ಮೂರು ಸಲ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತವರ ರಕ್ತದೊತ್ತಡವನ್ನು ಒಮ್ಮೆಯೂ ಯಾರೂ ನೋಡಿರಲಿಲ್ಲ. ತಂದೆಯ ರಕ್ತದ ಗುಂಪು 'ಎ', ಮಗಳದು 'ಒ'. ಗುಂಪು ಹೊಂದದಿದ್ದರೂ ವಿಶೇಷ ಚಿಕಿತ್ಸೆ ಕೊಟ್ಟು ಕಸಿ ಮಾಡುವುದುಂಟು, ಆ ಖರ್ಚು ಈ ಮನೆಗೆ ನಿಲುಕುವಂಥದ್ದಲ್ಲ. ಮಿದುಳು ನಿಷ್ಕ್ರಿಯರಾದವರಿಂದ ಬರುವ ಅಂಗಕ್ಕೆ ರಾಜ್ಯದ ಜೀವಸಾರ್ಥಕತೆ ಸಂಸ್ಥೆಯ ಪಟ್ಟಿಯಲ್ಲಿ ಹೆಸರು ಬರೆಸಿದ್ದಾರೆ.

ಹೀಗಿರುವಾಗ ಅಜ್ಜಿ, ವಂಶದ ಮಾತು ತೆಗೆಯುತ್ತಿದ್ದ ಅದೇ ಅಜ್ಜಿ, ತಾವು ಕೊಡಬಹುದೇ ಎಂದು ಕೇಳಿದರು. ಮೂಲ ಕಾಯ್ದೆಯ ಹತ್ತಿರದ ಸಂಬಂಧಿಗಳ ಪಟ್ಟಿಯಲ್ಲಿ ಅಜ್ಜ ಅಜ್ಜಿ ಇರಲಿಲ್ಲ, 2011ರ ತಿದ್ದುಪಡಿಯಲ್ಲಿ ಸೇರಿಸಿದರು. ರಕ್ತದ ಗುಂಪು 'ಒ'. ಹೃದಯ, ಸಕ್ಕರೆ, ಮೂತ್ರಪಿಂಡ, ಒಂದೊಂದೇ ಪರೀಕ್ಷೆ ನಡೆಯುತ್ತಿದೆ. ವಯಸ್ಸು ಅರವತ್ತು ದಾಟಿರುವುದರಿಂದ ವೈದ್ಯರು ಯಾವ ಭರವಸೆಯನ್ನೂ ಕೊಟ್ಟಿಲ್ಲ. ಕಸಿಯಾದರೂ ಹನ್ನೆರಡು ಗಂಟೆಗೊಮ್ಮೆಯಂತೆ ಮಾತ್ರೆ, ಕಸಿ ಅಂಗ ಕೆಲಸ ಮಾಡುವಷ್ಟು ಕಾಲವೂ ತಪ್ಪುವಂತಿಲ್ಲ. ಅಂಗ ಆಯುಷ್ಯಪೂರ್ತಿ ಬಾಳುತ್ತದೆಂದೂ ಇಲ್ಲ, ಇಷ್ಟು ಚಿಕ್ಕ ವಯಸ್ಸಿನವರಿಗೆ ಮುಂದೆ ಇನ್ನೊಂದು ಬೇಕಾಗಬಹುದು. ಹದಿನಾರು ಹದಿನೇಳರ ಮಕ್ಕಳು ಗೆಳೆಯರ ಎದುರು ಮಾತ್ರೆ ನುಂಗಲು ನಾಚಿ ಬಿಟ್ಟು, ಒಳ್ಳೆಯ ಅಂಗವನ್ನು ಕಳೆದುಕೊಂಡ ಉದಾಹರಣೆಗಳನ್ನು ವೈದ್ಯರು ಈಗಲೇ ಹುಡುಗಿಯ ಎದುರೇ ಹೇಳಿದ್ದಾರೆ.

ತಾಯಿಯ ರಕ್ತದೊತ್ತಡ ಗೊತ್ತಾದ ಮೇಲೆ ಮನೆಯಲ್ಲಿ ಕೆಲಸ ಸ್ವಲ್ಪ ಹಂಚಿಕೆಯಾಗಿದೆ. ಗುರುವಾರ ಮಗಳ ಜೊತೆ ಸೋದರಮಾವ ಹೋಗುತ್ತಾರೆ. ಅಕ್ಕ ಮಂಗಳವಾರ ಒಂದು ದಿನ ಬಿಟ್ಟು ಉಳಿದಂತೆ ಕಾಲೇಜಿಗೆ ಹೋಗುತ್ತಿದ್ದಾಳೆ, ಆ ಒಂದು ದಿನವನ್ನೂ ಬಿಡಿಸಬೇಕೆಂದು ಪ್ರಾಂಶುಪಾಲರು ಅವಳ ತಂದೆಯನ್ನು ಕರೆಸಿ ಮಾತಾಡಿದ್ದಾರೆ. ಭಾನುವಾರದ ಬಾಟಲಿ, ತೂಕದ ಯಂತ್ರ, ಅಡುಗೆ ಮೂರೂ ಅಪ್ಪನದು. ಹೋದ ಭಾನುವಾರ ಮಗಳು ಮಧ್ಯಾಹ್ನವೇ ಬಾಟಲಿ ಮುಗಿಸಿ ಇನ್ನೊಂದು ಲೋಟ ಕೇಳಿದಳಂತೆ. ಅಪ್ಪ ಇಲ್ಲ ಎಂದರಂತೆ, ಮೊದಲ ಸಲ. ಸೋಮವಾರ ಸಂಜೆಯವರೆಗೂ ಅವರ ಜೊತೆಯೂ ಮಾತು ಬಿಟ್ಟಿದ್ದಳು.